ಕಡಲೆಕಾಯಿ ಬ್ರೆಡ್ಡೂ ಚಪಾತಿಯ ಕೈಯೂ



ನಾನು ಮಾಡಿದ ಮೊದಲ ಕಡಲೆಕಾಯಿ ಬ್ರೆಡ್ಡನ್ನು ಹೆಚ್ಚಲು ಈಳಿಗೆಮಣೆ ಹಾಕಿಕೊಂಡು ಕೂರಬೇಕಾಯಿತು. ಚಾಕು ಅದರ ಮೈಮೇಲೆ ಜಾರುತ್ತಿತ್ತೇ ಹೊರತು ಒಳಗೆ ಇಳಿಯಲಿಲ್ಲ. ನಮ್ಮ ಯಜಮಾನರು ಒಂದು ಚೂರನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ನೀರು ಕುಡಿದು, "ಪರಿಮಳ ಚೆನ್ನಾಗಿದೆ" ಎಂದರು. ಮೂವತ್ತೈದು ವರ್ಷ ಸಂಸಾರ ಮಾಡಿದ ಗಂಡಸರಿಗೆ ಇಷ್ಟು ಜಾಣತನ ಬಂದಿರುತ್ತದೆ.

ತಪ್ಪು ಓವನ್ನಿನದಲ್ಲ, ಅಳತೆಯದೂ ಅಲ್ಲ. ನನ್ನ ಕೈಯದು. ಚಿಕ್ಕಂದಿನಿಂದ ಚಪಾತಿ ಹಿಟ್ಟು ನಾದಿ ನಾದಿ ಪಳಗಿದ ಕೈ ಇದು. ಗೋಧಿ ಹಿಟ್ಟು ಕಂಡರೆ ಸಾಕು, ಮಿದಿಯಲು ಹೊರಡುತ್ತದೆ. ಚಪಾತಿಗೆ ಅದು ಸರಿ. ಗೋಧಿಯಲ್ಲಿರುವ ಎರಡು ಬಗೆಯ ಪ್ರೋಟೀನುಗಳು ನೀರು ಕುಡಿದು ಒಂದಕ್ಕೊಂದು ಹೆಣೆದುಕೊಂಡು ಅಂಟು ಬಲೆಯಾಗುತ್ತವೆ. ಅದಕ್ಕೇ ಗ್ಲೂಟನ್ ಎನ್ನುತ್ತಾರೆ. ನಾದಿದಷ್ಟೂ ಬಲೆ ಬಿಗಿಯಾಗುತ್ತದೆ, ಹಿಟ್ಟು ಎಳೆದರೆ ಹರಿಯುವುದಿಲ್ಲ, ಲಟ್ಟಿಸಿದರೆ ತೆಳ್ಳಗಾಗುತ್ತದೆ. ಈಸ್ಟ್ ಹಾಕಿದ ಅಂಗಡಿ ಬ್ರೆಡ್ಡಿಗೂ ಆ ಬಲೆ ಬೇಕು, ಗಂಟೆಗಟ್ಟಲೆ ನಿಧಾನವಾಗಿ ಹುಟ್ಟುವ ಗಾಳಿಯನ್ನು ಹಿಡಿದಿಡಲು. ನಾನು ಇವತ್ತು ಹೇಳಲು ಬಂದಿರುವ ಬ್ರೆಡ್ಡಿಗೆ ಮಾತ್ರ ಅದು ಬೇಡ. ಇದು ದಿಢೀರ್ ಬ್ರೆಡ್ಡು. ಇದಕ್ಕೆ ಈಸ್ಟ್ ಇಲ್ಲ, ಹುದುಗು ಬರಿಸುವುದಿಲ್ಲ, ನಾದುವುದಿಲ್ಲ. ಬೇಕಿಂಗ್ ಪೌಡರಿನ ಗಾಳಿ ಕೆಲವೇ ನಿಮಿಷದಲ್ಲಿ ಬಂದು ಹೋಗುತ್ತದೆ. ಅಷ್ಟರೊಳಗೆ ಹಿಟ್ಟು ಸಡಿಲವಾಗಿದ್ದು ಉಬ್ಬಬೇಕು, ಉಬ್ಬಿದ್ದು ಹಾಗೇ ಬೆಂದುಬಿಡಬೇಕು. ನಾನು ಹದಿನೈದು ನಿಮಿಷ ಪ್ರೀತಿಯಿಂದ ನಾದಿದ್ದೆ. ಕಲ್ಲಾಗದೆ ಇನ್ನೇನಾದೀತು?

ದಿಢೀರ್ ಬ್ರೆಡ್ ಅಂದರೆ ಯಾವುದೋ ಪರದೇಶದ ಸಂಗತಿ ಅಂದುಕೊಳ್ಳಬೇಡಿ. ನಮ್ಮ ಬೆಂಗಳೂರಿನ ರವೆ ಇಡ್ಲಿ ಇದಕ್ಕೆ ದಾಯಾದಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಹೋದಾಗ ಮಾವಳ್ಳಿ ಟಿಫಿನ್ ರೂಮ್ಸ್‌ನವರು, ಅಂದರೆ ಎಂಟಿಆರ್‌ನವರು, ರವೆಯಲ್ಲಿ ಇಡ್ಲಿ ಮಾಡಿದರು. ರುಬ್ಬಿ ರಾತ್ರಿಯಿಡೀ ಹುಳಿ ಬರಿಸುವ ಕೆಲಸವನ್ನೇ ಅದು ಕೈಬಿಟ್ಟಿತು. ಅದರಲ್ಲಿ ಮೊಸರಿನ ಹುಳಿ ಸೋಡಾದ ಮೇಲೆ ಬಿದ್ದು ಆಗುವ ಕೆಲಸವೇ ದಿಢೀರ್ ಬ್ರೆಡ್ಡಿನಲ್ಲೂ ಆಗುವುದು. ಬೇಕಿಂಗ್ ಪೌಡರ್ ಎಂದರೆ ಸೋಡಾವನ್ನೂ ಒಣ ಹುಳಿಯನ್ನೂ ಒಂದೇ ಡಬ್ಬಿಯಲ್ಲಿ ಇಟ್ಟಿರುವುದು, ಅಷ್ಟೇ. ನೀರು ಸೋಕಿದಾಗ ಅವೆರಡಕ್ಕೂ ಜಗಳ ಹತ್ತುತ್ತದೆ. 1843ರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ ಎಂಬ ಔಷಧಿ ಅಂಗಡಿಯವನು, ಈಸ್ಟ್ ಒಗ್ಗದ ತನ್ನ ಹೆಂಡತಿಗೆ ಬ್ರೆಡ್ ಮಾಡಿಕೊಡಲು ಇಂಥ ಪುಡಿ ಕಂಡುಹಿಡಿದ. ಹೆಂಡತಿಗಾಗಿ ಅಡುಗೆಮನೆ ಹೊಕ್ಕ ಗಂಡಸರ ಪಟ್ಟಿ ಚಿಕ್ಕದು. ಅದರಲ್ಲಿ ಅವನಿಗೆ ಒಳ್ಳೆಯ ಜಾಗ ಕೊಡಬೇಕು.

ಈ ಕಡಲೆಕಾಯಿ ಬ್ರೆಡ್ಡು ನನ್ನ ಕೈಗೆ ಬಂದದ್ದು 2020ರ ಲಾಕ್‌ಡೌನಿನಲ್ಲಿ. ಯಲಹಂಕ ಉಪನಗರದ ನಮ್ಮ ಬೀದಿಯ ಅಂಗಡಿಗಳಲ್ಲಿ ಬ್ರೆಡ್ ಇರಲಿಲ್ಲ. ಮಾಡಿಕೊಳ್ಳೋಣ ಎಂದರೆ ಈಸ್ಟೂ ಇಲ್ಲ. ಆರ್‌.ಟಿ. ನಗರದಲ್ಲಿರುವ ನನ್ನ ಅಕ್ಕನ ಮಗಳು ಫೋನಿನಲ್ಲಿ, "ಚಿಕ್ಕಮ್ಮ, ಈಸ್ಟು, ಮೊಟ್ಟೆ, ಬೆಣ್ಣೆ ಮೂರೂ ಇಲ್ಲದ ಒಂದು ಬ್ರೆಡ್ ಇದೆ, ಬರ್ಕೊಳ್ಳಿ" ಎಂದು ಅಳತೆ ಹೇಳಿದಳು. ಕೆನಡಾದ ಫೈವ್ ರೋಸಸ್ ಹಿಟ್ಟಿನ ಕಂಪನಿಯವರು 1932ರಲ್ಲಿ ಅಚ್ಚು ಹಾಕಿಸಿದ ಅಡುಗೆ ಪುಸ್ತಕದ್ದಂತೆ. 1932 ಎಂದರೆ ಅಲ್ಲಿ ಮಹಾ ಆರ್ಥಿಕ ಕುಸಿತದ ಕಾಲ, ಜನರ ಕೈಯಲ್ಲಿ ಕಾಸಿಲ್ಲ. ಮೊಟ್ಟೆ ಬೆಣ್ಣೆ ದುಬಾರಿಯಾದಾಗ ಅವೆರಡರ ಕೆಲಸವನ್ನೂ ಕಡಲೆಕಾಯಿ ಬೆಣ್ಣೆಗೆ ವಹಿಸಿದ್ದಾರೆ. ಇಲ್ಲಿ ಯುದ್ಧ ಬಂದು ಅಕ್ಕಿ ಹೋದಾಗ ರವೆ ಇಡ್ಲಿ ಹುಟ್ಟಿತು, ಅಲ್ಲಿ ಕಾಸು ಹೋದಾಗ ಈ ಬ್ರೆಡ್ಡು. ಎಂಬತ್ತೆಂಟು ವರ್ಷವಾದ ಮೇಲೆ ಲೋಕವೆಲ್ಲ ಮನೆಯೊಳಗೆ ಕೂತಾಗ ಯಾರೋ ಆ ಪುಟ ತಿರುವಿ ನೋಡಿದರು, ಅದು ಆರ್‌.ಟಿ. ನಗರದ ತನಕ ಬಂತು. ಮೊಟ್ಟೆ ಮುಟ್ಟದ ನಮ್ಮಂಥ ಮನೆಗಳಿಗೆಂದೇ ಮಾಡಿದ ಹಾಗಿದೆ.

ಈಗ ಕಡಲೆಕಾಯಿಯ ವಿಚಾರ. ಇದರಲ್ಲಿ ಅವಸರ ಮಾಡುವುದಿಲ್ಲ.

ಅಂಗಡಿಯಲ್ಲಿ ಸಿಗುವ ಪೀನಟ್ ಬಟರ್ ಬಾಟಲಿಯಲ್ಲಿ ಬಹಳ ಸಲ ಸಕ್ಕರೆಯೂ ಗಟ್ಟಿ ಮಾಡಿದ ಎಣ್ಣೆಯೂ ಸೇರಿರುತ್ತದೆ. ಅದನ್ನು ಹಾಕಿದರೂ ಬ್ರೆಡ್ ಆಗುತ್ತದೆ, ಆಗುವುದಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಚಟ್ನಿಪುಡಿ ಮಾಡಿ ಗೊತ್ತಿರುವ ಮನೆಯವರು ಬೆಣ್ಣೆಯನ್ನು ಕೊಂಡು ತರುವುದೆಂದರೆ ನನಗೆ ಕೊಂಚ ಸಂಕೋಚ. ಚಟ್ನಿಪುಡಿಗೆ ಹುರಿದು ಮಿಕ್ಸಿಗೆ ಹಾಕುತ್ತೇವೆ, ಪುಡಿಯಾದ ಕೂಡಲೇ ನಿಲ್ಲಿಸುತ್ತೇವೆ. ನಿಲ್ಲಿಸದೆ ಮುಂದುವರಿದರೆ ಅದೇ ಬೆಣ್ಣೆ. ಎಷ್ಟೋ ಸಲ ಮೈಮರೆತು ತಿರುಗಿಸಿ, "ಅಯ್ಯೋ, ಎಣ್ಣೆ ಬಿಟ್ಕೊಂಡ್ತಲ್ಲ" ಎಂದು ಪೇಚಾಡಿದ್ದೇವಲ್ಲ, ಆ ಕೆಟ್ಟುಹೋದ ಚಟ್ನಿಪುಡಿಯನ್ನೇ ಅಮೆರಿಕದವರು ಬಾಟಲಿಗೆ ತುಂಬಿ ಮಾರುತ್ತಾರೆ.

ನಾನು ಬೀಜ ತರುವುದು ಯಶವಂತಪುರದ ಮಾರ್ಕೆಟ್ ಯಾರ್ಡಿನ ಕಡೆಯಿಂದ. ವರ್ಷಕ್ಕೊಮ್ಮೆ ಮಾತ್ರ ಪರಿಷೆಯ ಕಾಯಿ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆ ನಮಗೆ ದೂರ. ಊರಿನ ಉತ್ತರ ಭಾಗದ ನಮಗೆ ಈಚಿನ ವರ್ಷಗಳಲ್ಲಿ ಮಲ್ಲೇಶ್ವರದ ಕಾಡು ಮಲ್ಲಿಕಾರ್ಜುನ ದೇವಸ್ಥಾನದ ಪರಿಷೆ ಹತ್ತಿರವಾಗಿದೆ. ಮುಂಗಾರಿನಲ್ಲಿ ಬಿತ್ತಿದ್ದು ಆ ಹೊತ್ತಿಗೆ ಕಿತ್ತು ಬಂದಿರುತ್ತದೆ, ಹೊಸ ಕಾಯಿ. ಆದರೆ ಪರಿಷೆಯ ಹಸಿಕಾಯಿ ಬೆಣ್ಣೆಗೆ ಬರುವುದಿಲ್ಲ, ಅದರಲ್ಲಿ ನೀರಿನ ಅಂಶ ಜಾಸ್ತಿ. ಬೇಯಿಸಿ ತಿನ್ನಲು ಅದು. ಬೆಣ್ಣೆಗೆ ಒಣಗಿದ ಬೀಜವೇ ಆಗಬೇಕು. ಒಣ ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆ, ಕಾಲು ಭಾಗ ಪ್ರೋಟೀನು. ಬಡವರ ಬಾದಾಮಿ ಎನ್ನುವುದು ಸುಮ್ಮನೆ ಅಲ್ಲ. ದಕ್ಷಿಣ ಅಮೆರಿಕದಲ್ಲಿ ಹುಟ್ಟಿದ ಗಿಡ, ಹೂವು ಮೇಲೆ ಬಿಟ್ಟು ಕಾಯನ್ನು ಮಣ್ಣಿನೊಳಗೆ ಬಚ್ಚಿಡುವ ಗಿಡ. ಚಳ್ಳಕೆರೆ, ಪಾವಗಡದ ಕೆಂಪು ನೆಲಕ್ಕೆ ಎಷ್ಟು ಹೊಂದಿಕೊಂಡಿದೆ ಎಂದರೆ ಪರದೇಶಿ ಎಂದರೆ ಯಾರೂ ನಂಬುವುದಿಲ್ಲ.

ತಂದ ಬೀಜವನ್ನು ಮೊರಕ್ಕೆ ಸುರಿದು ಆರಿಸಿ. ಇದನ್ನು ಬಿಡಬೇಡಿ. ಸುಕ್ಕಿದ್ದು, ಕಪ್ಪಾದದ್ದು, ಬೂಷ್ಟು ಹಿಡಿದದ್ದು, ಕಹಿ ಬರುವುದು ಎಲ್ಲವನ್ನೂ ಎಸೆಯಿರಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಇದ್ದಕ್ಕಿದ್ದಂತೆ ಸತ್ತವು. ಕಾರಣ ಹುಡುಕಿದಾಗ ಅವಕ್ಕೆ ಹಾಕಿದ್ದ ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟಿನ ವಿಷ ಸಿಕ್ಕಿತು. ಅಫ್ಲಟಾಕ್ಸಿನ್ ಎಂಬ ಹೆಸರು ಅದಕ್ಕೆ ಬಂದದ್ದು ಆಮೇಲೆ. ಹುರಿದರೂ ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. "ಒಂದೆರಡು ಇದ್ರೆ ಏನಾಗತ್ತೆ, ಓವನ್ನಿಗೆ ತಾನೇ ಹೋಗೋದು" ಎನ್ನುವ ಹಾಗಿಲ್ಲ. ಹಿಂದಿನವರು ಸಂಜೆ ಜಗಲಿಯ ಮೇಲೆ ಕೂತು ಮೊರದಲ್ಲಿ ಕಾಳು ಆರಿಸುತ್ತಿದ್ದರಲ್ಲ, ಅದು ಬರೀ ಹರಟೆಗೆ ಹೂಡಿದ ನೆಪವಾಗಿರಲಿಲ್ಲ.

ಆರಿಸಿದ ಬೀಜ 150 ಗ್ರಾಂ. ದಪ್ಪ ತಳದ ಬಾಣಲೆ, ಸಣ್ಣ ಉರಿ, ಹನ್ನೆರಡರಿಂದ ಹದಿನೈದು ನಿಮಿಷ. ಉರಿ ಜೋರು ಮಾಡಿದರೆ ಸಿಪ್ಪೆ ಕಪ್ಪಾಗುತ್ತದೆ, ಒಳಗೆ ಹಸಿ ಉಳಿಯುತ್ತದೆ. ಚಟಪಟ ಸದ್ದು ನಿಂತು ಒಂದು ಬೀಜ ಬಾಯಲ್ಲಿ ಗರುಮ್ ಎಂದರೆ ಇಳಿಸಿ. ಬಟ್ಟೆಯಲ್ಲಿ ಸುತ್ತಿ ಉಜ್ಜಿ, ಮೊರದಲ್ಲಿ ಕೇರಿ. ಬಾಲ್ಕನಿಯಲ್ಲಿ ಕೇರಿದರೆ ಸಿಪ್ಪೆ ಕೆಳಗಿನ ಮನೆಯವರ ಒಣಹಾಕಿದ ಬಟ್ಟೆಗೆ ಹೋಗುತ್ತದೆ. ಅನುಭವದ ಮಾತು.

ಬೆಚ್ಚಗಿರುವಾಗಲೇ ಮಿಕ್ಸಿಗೆ ಹಾಕಿ. ಮೊದಲು ತರಿ, ಆಮೇಲೆ ಪುಡಿ, ಆಮೇಲೆ ಅದು ಜಾರಿನ ಗೋಡೆಗೆ ಮೆತ್ತಿಕೊಂಡು ಹಠ ಹಿಡಿಯುತ್ತದೆ. ಇಲ್ಲಿ ಜನ ಸೋತು ನೀರು ಹಾಕುತ್ತಾರೆ. ಹಾಕಬೇಡಿ, ನೀರು ಬಿದ್ದರೆ ಅದು ಚಟ್ನಿ. ಚಮಚದಲ್ಲಿ ಕೆದಕಿ ಕೆಳಗೆ ತಳ್ಳಿ ಮತ್ತೆ ತಿರುಗಿಸಿ. ಮಿಕ್ಸಿ ಮೋಟರಿಗೂ ಜೀವವಿದೆ, ಅರ್ಧ ನಿಮಿಷ ಓಡಿಸಿ ಒಂದು ನಿಮಿಷ ಬಿಡುವು ಕೊಡಿ. ಐದಾರು ಸಲ ಹೀಗಾದ ಮೇಲೆ ಇದ್ದಕ್ಕಿದ್ದಂತೆ ಸದ್ದು ಬದಲಾಗುತ್ತದೆ. ಗರಗರ ಹೋಗಿ ಮೆತ್ತನೆಯ ಗುಂಯ್ ಎಂಬ ಸದ್ದು. ಮುಚ್ಚಳ ತೆಗೆದರೆ ದೋಸೆ ಹಿಟ್ಟಿನಂತೆ ಹರಿಯುವ ಹೊಳೆಯುವ ಬೆಣ್ಣೆ. ಆ ಸದ್ದು ಬದಲಾಗುವ ಗಳಿಗೆಗಾಗಿಯೇ ನಾನು ಇದನ್ನು ಮಾಡುತ್ತೇನೇನೋ ಅನಿಸುತ್ತದೆ.

ಈಗ ಅಳತೆ. ಬರೆದುಕೊಳ್ಳುವವರು ಪೆನ್ನು ಹುಡುಕಲಿ, ನಾನು ನಿಧಾನವಾಗಿ ಹೇಳುತ್ತೇನೆ. ಮೈದಾ 250 ಗ್ರಾಂ. ಬರೀ ಮೈದಾ ಬೇಡ ಎನ್ನುವವರು ಅದರಲ್ಲಿ 100 ಗ್ರಾಂ ತೆಗೆದು ಅಷ್ಟೇ ಗೋಧಿ ಹಿಟ್ಟು ಬೆರೆಸಿ, ನಾನೂ ಹಾಗೇ ಮಾಡುವುದು. ಸಕ್ಕರೆ 50 ಗ್ರಾಂ. ಉಪ್ಪು ಅರ್ಧ ಟೀ ಚಮಚ. ಹಾಲು 320 ಮಿಲಿ. ನಂದಿನಿ ಅರ್ಧ ಲೀಟರ್ ಪ್ಯಾಕೆಟ್ಟಿನಲ್ಲಿ ಉಳಿಯುವ 180 ಮಿಲಿ ನನ್ನ ಕಾಫಿಯ ಪಾಲು. ಕಡಲೆಕಾಯಿ ಬೆಣ್ಣೆ 125 ಗ್ರಾಂ. ಬೇಕಿಂಗ್ ಪೌಡರ್ ಕೆನಡಾದ ಲೆಕ್ಕದಲ್ಲಿ ನಾಲ್ಕು ಟೀ ಚಮಚ. ನಾನು ಹಾಕುವುದು ಮೂರು.

ಒಂದು ಚಮಚ ಕಡಿಮೆ ಮಾಡಿದ್ದು ಜಿಪುಣತನದಿಂದ ಅಲ್ಲ. ಎರಡನೇ ಸಲ ನಾಲ್ಕು ಚಮಚ ಹಾಕಿ, ಕೈಯನ್ನೂ ಬಿಗಿಹಿಡಿದು ಕಲಸಿದ್ದೆ. ಬ್ರೆಡ್ಡು ಓವನ್ನಿನಲ್ಲಿ ಗೋಪುರದಂತೆ ಎದ್ದಿತು. ಮನೆಮಂದಿಯನ್ನೆಲ್ಲ ಕರೆದು ತೋರಿಸಿದೆ. ಎಲ್ಲರೂ ಬಂದು ನೋಡುವಷ್ಟರಲ್ಲಿ ನಡುವೆ ಕುಸಿದು ಯಲಹಂಕ ಕೆರೆಯ ಅಂಗಳವಾಗಿತ್ತು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಹಳೆಯ ಲೆಕ್ಕದಲ್ಲಿ ಮೂರು ಸಾವಿರ ಅಡಿ. ಇಲ್ಲಿ ನೀರು ನೂರು ಡಿಗ್ರಿಯ ತನಕ ಹೋಗದೆ 97ರ ಆಸುಪಾಸಿನಲ್ಲೇ ಕುದಿಯುತ್ತದೆ. ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಹಿಟ್ಟಿನೊಳಗಿನ ಗುಳ್ಳೆ ಬೇಗ ದೊಡ್ಡದಾಗುತ್ತದೆ. ಸುತ್ತಲಿನ ಹಿಟ್ಟು ಬೆಂದು ಗಟ್ಟಿಯಾಗುವ ಮೊದಲೇ ಗುಳ್ಳೆ ಒಡೆದರೆ ಮೇಲಿನದು ಕೆಳಗೆ. ಬೇಕಿಂಗ್ ಪುಸ್ತಕಗಳು ಎತ್ತರದ ಊರುಗಳಿಗೆ ಅಳತೆ ಬದಲಿಸಿ ಎಂದು ಹೇಳಲು ಶುರು ಮಾಡುವುದೇ ಮೂರು ಸಾವಿರ ಅಡಿಯಿಂದ. ನಾವು ಸರಿಯಾಗಿ ಆ ಗೆರೆಯ ಮೇಲೆ ಕೂತಿದ್ದೇವೆ. ಮಂಗಳೂರಿನ ತಂಗಿಯರು ನಾಲ್ಕು ಚಮಚವನ್ನೇ ಹಾಕಿಕೊಳ್ಳಲಿ.

ಕಲಸುವ ಪಾಠವನ್ನು ನನಗೆ ಹೇಳಿಕೊಟ್ಟವಳು ನಮ್ಮ ಬೀದಿಯ ಒಬ್ಬ ಹುಡುಗಿ, ಹೆಬ್ಬಾಳದಲ್ಲಿ ಬೇಕರಿ ತರಬೇತಿ ಪಡೆದವಳು. ಹೆಬ್ಬಾಳ ಎಂದರೆ ಈಗಿನವರಿಗೆ ಮೇಲ್ಸೇತುವೆ, ಅದರ ಮೇಲೆ ನಿಂತ ವಾಹನಗಳು. ನನಗೆ ಕೃಷಿ ಕಾಲೇಜು. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 30 ಎಕರೆ ಕೊಟ್ಟು ಅಲ್ಲಿ ಬೇಸಾಯದ ಪ್ರಯೋಗ ಕ್ಷೇತ್ರ ತೆರೆದರು. 1946ರಲ್ಲಿ ಅಲ್ಲೇ ಕೃಷಿ ಕಾಲೇಜು ಬಂತು, 1964ರಲ್ಲಿ ಅದು ಕೃಷಿ ವಿಶ್ವವಿದ್ಯಾಲಯದ ಮಡಿಲಿಗೆ ಬಿತ್ತು. ಬೆಳೆದದ್ದನ್ನು ಬೇಯಿಸಿ ಮಾರುವುದನ್ನೂ ಕಲಿಸಬೇಕೆಂದು ಆ ವಿಶ್ವವಿದ್ಯಾಲಯ ಹೆಬ್ಬಾಳದಲ್ಲಿ ಬೇಕಿಂಗ್ ಕಲಿಸುವ ಸಂಸ್ಥೆ ನಡೆಸುತ್ತಿದೆ. ಊರೂರಿನ ಹುಡುಗ ಹುಡುಗಿಯರು ಅಲ್ಲಿ ಕಲಿತು ತಮ್ಮ ತಮ್ಮ ಊರಲ್ಲಿ ಬೇಕರಿ ಇಟ್ಟಿದ್ದಾರೆ.

ಆ ಹುಡುಗಿ ನನ್ನ ಕೈಯಿಂದ ಬಟ್ಟಲು ಕಿತ್ತುಕೊಂಡಳು. "ಆಂಟಿ, ಹಿಟ್ಟನ್ನ ಹೊಡೀಬೇಡಿ, ಮಗುಚಿ. ಒಣ ಹಿಟ್ಟು ಕಾಣದೆ ಹೋದ ತಕ್ಷಣ ಕೈ ತೆಗೀರಿ. ಗಂಟಿದ್ರೆ ಇರ್ಲಿ." ಗಂಟಿದ್ದರೆ ಇರಲಿ! ರವೆ ಉಪ್ಪಿಟ್ಟಿನಲ್ಲಿ ಒಂದು ಗಂಟು ಕಂಡರೆ ಅತ್ತೆಯವರ ಮುಖ ನೋಡಲು ಹೆದರುತ್ತಿದ್ದ ನನಗೆ ಈ ಮಾತು ಒಳಗಿಳಿಯಲು ಎರಡು ವಾರ ಹಿಡಿಯಿತು. ಅವಳು ಹೇಳಿದ ಕ್ರಮ ಇದು. ಒಣ ಸಾಮಾನನ್ನೆಲ್ಲ ಎರಡು ಸಲ ಜರಡಿ ಹಿಡಿಯಿರಿ. ಬೆಣ್ಣೆಯನ್ನು ಉಗುರುಬೆಚ್ಚಗಿನ ಹಾಲಿನಲ್ಲಿ ಬೇರೆಯಾಗಿ ಕದಡಿ. ಎಷ್ಟು ಬೇಕಾದರೂ ಗೊಟಾಯಿಸಿ, ಹಠವೆಲ್ಲ ಅಲ್ಲೇ ತೀರಿಸಿಕೊಳ್ಳಿ. ಆಮೇಲೆ ಅದನ್ನು ಹಿಟ್ಟಿಗೆ ಒಮ್ಮೆಗೇ ಸುರಿದು, ಮರದ ಸೌಟಿನಲ್ಲಿ ತಳದಿಂದ ಮೇಲಕ್ಕೆ ಹತ್ತು ಹದಿನೈದು ಸಲ ಮಗುಚಿ, ನಿಲ್ಲಿಸಿ. ಕಡಲೆಕಾಯಿ ಎಣ್ಣೆ ಹಿಟ್ಟಿನ ಕಣಕ್ಕೆ ಕವಚ ಕಟ್ಟಿ, ಆ ಅಂಟು ಬಲೆ ಬೆಳೆಯದಂತೆ ತಾನೂ ಒಂದು ಕೈ ತಡೆಯುತ್ತದೆ. ಆದರೆ ನನ್ನಂಥವರ ಕೈಗೆ ಎಣ್ಣೆ ಏನು ಮಾಡೀತು?

ಮಳೆಗಾಲದಲ್ಲಿ ಡಬ್ಬಿಯ ಬೇಕಿಂಗ್ ಪೌಡರ್ ಸತ್ತಿರುತ್ತದೆ. ಅನುಮಾನವಿದ್ದರೆ ಒಂದು ಚಿಟಿಕೆಯನ್ನು ಬಿಸಿನೀರಿಗೆ ಹಾಕಿ ನೋಡಿ. ಬುಸ್ಸೆಂದು ನೊರೆ ಬಂದರೆ ಸರಿ. ಸುಮ್ಮನೆ ತಳ ಸೇರಿದರೆ ಹೊಸದು ತನ್ನಿ.

ಜಿಡ್ಡು ಸವರಿದ ಉದ್ದ ಟಿನ್ನಿಗೆ ಹಿಟ್ಟು ಸುರಿದು, ಮೊದಲೇ ಕಾಯಿಸಿಟ್ಟ ಓವನ್ನಿನಲ್ಲಿ 165ರಿಂದ 170 ಡಿಗ್ರಿಯಲ್ಲಿ ಒಂದು ಗಂಟೆ. ಐವತ್ತು ನಿಮಿಷಕ್ಕೇ ತೆಂಗಿನ ಗರಿಯ ಕಡ್ಡಿ ಚುಚ್ಚಿ ನೋಡಿ, ಇಡ್ಲಿಗೆ ನೋಡುವ ಹಾಗೆ. ಹಿಟ್ಟು ಅಂಟದಿದ್ದರೆ ಆಯಿತು. ಮೇಲೆ ಉದ್ದಕ್ಕೆ ಬಿರುಕು ಬಂದರೆ ಗಾಬರಿ ಬೇಡ, ಅದು ಇದರ ಚಹರೆ. ಓವನ್ ಇಲ್ಲದವರು ಕುಕ್ಕರಿನ ಗ್ಯಾಸ್ಕೆಟ್ಟೂ ವೆಯ್ಟೂ ತೆಗೆದು, ತಳಕ್ಕೆ ಒಂದು ಅಂಗುಲ ಮರಳೋ ಕಲ್ಲುಪ್ಪೋ ಹರವಿ, ಹತ್ತು ನಿಮಿಷ ಕಾಯಿಸಿ, ಒಳಗೊಂದು ಸ್ಟ್ಯಾಂಡಿನ ಮೇಲೆ ಪಾತ್ರೆ ಇಟ್ಟು ಸಣ್ಣ ಉರಿಯಲ್ಲಿ ಬೇಯಿಸಬಹುದು. ಅಕ್ಕನ ಮನೆಯಲ್ಲಿ ಮೇಲೆ ಗಾಜಿನ ಕಿಟಕಿಯಿರುವ ಅಲ್ಯೂಮಿನಿಯಂ ದುಂಡು ಓವನ್ ಒಂದು ಇನ್ನೂ ಇದೆ. ಅದರಲ್ಲಿ ಎರಡು ತಲೆಮಾರಿನ ಹುಟ್ಟುಹಬ್ಬ ಬೆಂದಿವೆ. ಅದರಲ್ಲೂ ಆಗುತ್ತದೆ, ಅಡಿ ಸ್ವಲ್ಪ ಕೆಂಪಾಗುತ್ತದೆ ಅಷ್ಟೇ.

ಆರುವ ಮುಂಚೆ ಕೊಯ್ಯಬೇಡಿ ಎಂದು ಹೇಳುವುದು ನನ್ನ ಧರ್ಮ, ಕೊಯ್ಯುವುದು ನಿಮ್ಮ ಕರ್ಮ. ಬಿಸಿಯಲ್ಲಿ ಪುಡಿಪುಡಿಯಾಗುತ್ತದೆ. ಮಾರನೆಯ ದಿನ ಕಾವಲಿಯ ಮೇಲೆ ತುಪ್ಪ ಹಾಕಿ ಸುಟ್ಟರೆ ಇದರ ನಿಜವಾದ ರುಚಿ. ಇನ್ನೊಂದು ಮಾತು: ಕಡಲೆಕಾಯಿ ಒಗ್ಗದ ಮಕ್ಕಳಿರುತ್ತಾರೆ, ಕೆಲವರಿಗೆ ಚೂರು ತಿಂದರೂ ಪ್ರಾಣಾಪಾಯ. ಪಕ್ಕದ ಮನೆಯ ಮಗುವಿಗೆ ಕೊಡುವ ಮೊದಲು ತಾಯಿಯನ್ನು ಕೇಳಿ.

ಬ್ರೆಡ್ಡಿಗೂ ಕಡಲೆಕಾಯಿಗೂ ಎಲ್ಲಿಯ ನೆಂಟಸ್ತಿಕೆ ಎಂದು ಯಾರಾದರೂ ಕೇಳಿದರೆ ಅವರು ಬೆಂಗಳೂರಿನವರಲ್ಲ. ಹಾಸನದ ಕಡೆಯಿಂದ ಬಂದ ತಿರುಮಲಾಚಾರ್ 1898ರಲ್ಲಿ ಚಿಕ್ಕಪೇಟೆಯಲ್ಲಿ ಬೇಕರಿ ತೆರೆದ ದಿನದಿಂದ ಅಯ್ಯಂಗಾರ್ ಬೇಕರಿಗಳು ಈ ಊರಿಗೆ ಮೊಟ್ಟೆಯಿಲ್ಲದೆ ಬೇಕ್ ಮಾಡುವುದನ್ನು ಕಲಿಸಿವೆ. ಅವೇ ಬೇಕರಿಗಳ ಗಾಜಿನ ಜಾಡಿಯಲ್ಲಿ ಕಾಂಗ್ರೆಸ್ ಕಡಲೆಬೀಜ ಕೂತಿರುತ್ತದೆ, ಎರಡು ಹೋಳಾಗಿ, ಖಾರ ಮೆತ್ತಿಕೊಂಡು. 1969ರಲ್ಲಿ ಲಾಲ್‌ಬಾಗಿನ ಗಾಜಿನ ಮನೆಯ ಅಧಿವೇಶನದ ಬೆನ್ನಿಗೆ ಕಾಂಗ್ರೆಸ್ ಪಕ್ಷ ಇಬ್ಭಾಗವಾದಾಗ ಹೋಳಾದ ಬೀಜಕ್ಕೆ ಆ ಹೆಸರು ಬಿತ್ತು ಎಂಬ ಮಾತಿದೆ. ನಿಜವೋ ಸುಳ್ಳೋ, ಕಥೆ ಬೀಜದಷ್ಟೇ ರುಚಿ. ಬೆಣ್ಣೆ ಹಚ್ಚಿದ ಬನ್ನಿನ ನಡುವೆ ಅದನ್ನು ತುಂಬಿ ಕೊಟ್ಟರೆ ಕಾಂಗ್ರೆಸ್ ಬನ್. ಬನ್ನು, ಬೆಣ್ಣೆ, ಕಡಲೆಕಾಯಿ, ಮೂರನ್ನೂ ಒಟ್ಟಿಗೆ ಕಲಸಿ ಬೇಯಿಸುವುದೊಂದು ಬಾಕಿ ಇತ್ತು. ಹೊಟ್ಟೆ ತುಂಬಿಸುವ ವಿಷಯದಲ್ಲೂ ಕಡಲೆಕಾಯಿಯನ್ನು ನಮ್ಮವರು ಹಗುರವಾಗಿ ಕಂಡಿಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಸೊರಗಿದ ಮಕ್ಕಳಿಗೆಂದು ಮಾಡಿದ ಬಹೂಪಯೋಗಿ ಆಹಾರದಲ್ಲಿ ಮುಕ್ಕಾಲು ಪಾಲು ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು, ಕಾಲು ಪಾಲು ಹುರಿಗಡಲೆ ಹಿಟ್ಟು.

ನಾಲ್ಕನೇ ಸಲ ಬ್ರೆಡ್ಡು ಸರಿಯಾಗಿ ಬಂತು. ನಾಲ್ಕು ಹೋಳನ್ನು ಸ್ಟೀಲ್ ಡಬ್ಬಿಗೆ ಹಾಕಿ ಎದುರುಮನೆಗೆ ಕೊಟ್ಟೆ. ಅವರು ಧಾರವಾಡದ ಕಡೆಯವರು. ಬಾಗಿಲಲ್ಲೇ ನಿಂತು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, "ಏನ್ ಹಾಕೀರಿ ಅಕ್ಕಾರ ಇದಕ್ಕ? ಶೇಂಗಾ ವಾಸನಿ ಬರ್ತದ" ಎಂದರು. ಕೆನಡಾ, ಲಾಕ್‌ಡೌನು, ಆಲ್ಫ್ರೆಡ್ ಬರ್ಡ್, ಮೂರು ಸಾವಿರ ಅಡಿ, ಎಲ್ಲ ಹೇಳಿದೆ. ತಾಳ್ಮೆಯಿಂದ ಕೇಳಿ, "ಹಂಗಾರ ಇದು ಶೇಂಗಾ ಹಿಂಡಿ ಬ್ರೆಡ್ ಅನ್ರಿ" ಎಂದು ಒಳಗೆ ಹೋದರು. ಹಿಂಡಿ ಎಂದರೆ ಅವರ ಕಡೆ ಚಟ್ನಿಪುಡಿ.

ಮೂರು ದಿನ ಬಿಟ್ಟು ಡಬ್ಬಿ ವಾಪಸ್ ಬಂತು. ನಮ್ಮ ಕಡೆ ಖಾಲಿ ಡಬ್ಬಿ ಕಳಿಸುವ ಪದ್ಧತಿಯಿಲ್ಲ, ಅವರ ಕಡೆಯೂ ಇಲ್ಲ. ಮುಚ್ಚಳ ತೆಗೆದೆ. ಒಂದರ ಮೇಲೊಂದು ಆರು ಶೇಂಗಾ ಹೋಳಿಗೆ. ಡಬ್ಬಿ ತಂದ ಅವರ ಮಗ ಹೇಳಿದ: "ಅವ್ವ ಹೇಳ್ಯಾಳ್ರಿ, ಕಣಕ ಛಲೋ ನಾದ್ಯಾಳಂತ."